ಹನ್ನೊಂದು ದಿನ, ಐದು ಊರು, ಒಂದು ಪಟ್ಟಿ

ಕಳೆದ ವರ್ಷ ಮಿಜಾರಿನ ಕಡೆಯ ಒಂದು ಕಾಲೇಜಿನವರು ನನ್ನನ್ನು ಭಾಷಣಕ್ಕೆ ಕರೆದಿದ್ದರು. ಅಲ್ಲಿ ಪ್ರವಾಸೋದ್ಯಮ ಕಲಿಸುತ್ತಾರೆ. ಟ್ರಾವೆಲ್ಸ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು ಎಂದು ಯಾರೋ ನನ್ನ ಹೆಸರು ಹೇಳಿದ್ದರಂತೆ. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಗ್ರಾಹಕರನ್ನು ಗೌರವಿಸಬೇಕು, ತಾಳ್ಮೆ ಬೇಕು, ಮುಖದಲ್ಲಿ ನಗು ಇರಬೇಕು ಎಂದೆಲ್ಲ ನಾನೂ ಅರ್ಧ ಗಂಟೆ ಮಾತನಾಡಿದೆ. ಕೊನೆಗೆ ಹಿಂದಿನ ಬೆಂಚಿನ ಒಬ್ಬಳು ಹುಡುಗಿ ಎದ್ದು, ಈಗ ಮೊಬೈಲಿನಲ್ಲಿ ಊರಿನ ಹೆಸರು ಹಾಕಿದರೆ ದಿನಕ್ಕೆ ಎಷ್ಟು ಖರ್ಚು ಎಂದು ತಾನಾಗಿ ಬರುತ್ತದೆ, ಹಾಗಾದರೆ ನಮಗೆ ಕೆಲಸ ಏನು ಉಳಿಯಿತು ಎಂದು ಕೇಳಿದಳು. ನಾನು ನಕ್ಕು ಏನೋ ಹಾರಿಕೆಯ ಉತ್ತರ ಕೊಟ್ಟೆ. ಊಟದ ಹೊತ್ತಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ ಎದ್ದರು.

ಆ ದಿನ ನಾನು ಸುಳ್ಳು ಹೇಳಲಿಲ್ಲ. ಆದರೆ ನಿಜ ಹೇಳುವ ಜಾಗಕ್ಕೆ ಹೋಗಲೂ ಇಲ್ಲ. ವೇದಿಕೆಯ ಮೇಲೆ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ. ಈ ಕಸುಬಿಗೆ ಬರುವವರು ಓದಲಿ. ಓದಿದ ಮೇಲೆ ನನ್ನ ಮೇಲಿನ ಗೌರವ ಕಡಿಮೆಯಾದರೆ ಅದಕ್ಕೆ ನನ್ನ ತಕರಾರಿಲ್ಲ.

ನನ್ನ ಹೆಸರು ಹಮೀದ್, ಮನೆ ಫರಂಗಿಪೇಟೆ. ಆಫೀಸು ಬಿ.ಸಿ. ರೋಡಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿ. ಸೇರಿದಾಗ ಕೆಲಸವೆಂದರೆ ಗಲ್ಫಿಗೆ ಹೋಗುವವರ ಟಿಕೆಟು ಬರೆಯುವುದು. ಆಗ ನಮ್ಮ ಕಡೆ ವಿದೇಶ ಎಂದರೆ ದುಡಿಯಲು ಹೋಗುವ ಜಾಗ. ನೋಡಲು ಹೋಗುವ ಜಾಗವೂ ಆದದ್ದು ಆಮೇಲೆ. ಬ್ಯಾಂಕಿನವರು, ಮೇಷ್ಟ್ರುಗಳು, ಅಂಗಡಿಯವರು ಮೂರು ದೇಶ ಐದು ಊರು ಎಂದು ಹೊರಡತೊಡಗಿದಾಗ ಆಫೀಸಿನಲ್ಲಿ ಹೊಸ ಕೆಲಸವೊಂದು ಹುಟ್ಟಿತು. ವಿಮಾನ, ಹೋಟೆಲು, ವೀಸಾ ನೋಡಿಕೊಳ್ಳಲು ಬೇರೆಯವರಿದ್ದರು. ಒಬ್ಬ ಮನುಷ್ಯ ಯಾವ ಊರಿನಲ್ಲಿ ದಿನಕ್ಕೆ ಎಷ್ಟು ದುಡ್ಡು ಕಿಸೆಯಲ್ಲಿಟ್ಟುಕೊಳ್ಳಬೇಕು ಎಂದು ಬರೆದುಕೊಡುವುದು ನನ್ನ ಪಾಲಿಗೆ ಬಂತು. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ರಾತ್ರಿಯ ಊಟ, ಬಸ್ಸು, ರೈಲು, ನೋಡುವ ಜಾಗದ ಟಿಕೆಟು, ಹೀಗೆ ದಿನಕ್ಕೊಂದು ಹಾಳೆ. ನಾವು ಅದನ್ನು ದಿನದ ಪಟ್ಟಿ ಎನ್ನುತ್ತಿದ್ದೆವು. ಕೇಳಲು ಗುಮಾಸ್ತನ ಕೆಲಸ. ಆದರೆ ಪರದೇಶದಲ್ಲಿ ಒಬ್ಬ ಮನುಷ್ಯ ತಲೆಯೆತ್ತಿ ತಿರುಗುತ್ತಾನೋ, ಜೊತೆಯವರ ಮುಂದೆ ಕೈಚಾಚುತ್ತಾನೋ ಎಂಬುದು ಆ ಹಾಳೆಯ ಮೇಲೆ ನಿಂತಿರುತ್ತದೆ.

ಇದನ್ನು ನನಗೆ ಕಲಿಸಿದವರು ಆಫೀಸಿನವರಲ್ಲ. ನಮ್ಮೂರಿನ ಇದಿನಬ್ಬ ಹಾಜಿ ಫ್ಯಾನ್ಸಿ ಸಾಮಾನಿನ ವ್ಯಾಪಾರಕ್ಕೆಂದು ದುಬೈ, ಇಸ್ತಾಂಬುಲ್, ಹಾಂಗ್‌ಕಾಂಗ್ ಸುತ್ತಿದವರು. ಓದು ಮೂರನೆಯ ಕ್ಲಾಸು. ಒಮ್ಮೆ ನಾನು ಹೋಟೆಲುಗಳ ದರದ ಪುಸ್ತಕ ಹಿಡಿದು ಕೂತಿದ್ದನ್ನು ನೋಡಿ ಅವರು ಮಗನನ್ನು ಕರೆಯುವ ಹಾಗೆ ಕರೆದು, "ರೂಮಿನ ರೇಟು ಯಾರು ಬೇಕಾದರೂ ಹೇಳ್ತಾರೆ ಮೋನೆ. ರೈಲ್ವೇ ಸ್ಟೇಷನ್ನಿನ ಎದುರು ಒಂದು ಚಾಕ್ಕೆ ಎಷ್ಟು ಅಂತ ಕೇಳು. ಆ ಊರು ಎಂಥದ್ದು ಅಂತ ಗೊತ್ತಾಗ್ತದೆ" ಎಂದರು. ಅಲ್ಲಿಂದ ಶುರುವಾಯಿತು. ಪ್ರವಾಸ ಮುಗಿಸಿ ಬಂದವರ ಮನೆಗೆ ಹೋಗಿ, ಚಹಾ ಕುಡಿದು, ಅಂಗಿ ಪ್ಯಾಂಟುಗಳ ಕಿಸೆಯಲ್ಲಿ ಉಳಿದ ಬಿಲ್ಲುಗಳನ್ನು ಕೇಳಿ ತರುತ್ತಿದ್ದೆ. ಕೆಲವು ಬಟ್ಟೆಯ ಜೊತೆ ನೀರಲ್ಲಿ ನೆನೆದು ಮುದ್ದೆಯಾಗಿರುತ್ತಿದ್ದವು. ಒಣಗಿಸಿ ಓದುತ್ತಿದ್ದೆ. ಎಲ್ಲೆಲ್ಲೋ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ನಮ್ಮ ಕಡೆಯವರ ನಂಬರುಗಳು ಒಂದು ಡೈರಿ ತುಂಬ ಇದ್ದವು. ಫೋನ್ ಮಾಡಿ ಬ್ರೆಡ್ಡಿಗೆಷ್ಟು, ಬಸ್ಸಿಗೆಷ್ಟು ಎಂದು ಕೇಳುತ್ತಿದ್ದೆ. ಅವರಿಗೆ ಊರಿನ ಮಾತು ಕೇಳಿದ ಖುಷಿ, ನನಗೆ ಸರಿಯಾದ ಬೆಲೆ.

ತಪ್ಪುಗಳೂ ಆದವು. ಮೊದಲ ಬಾರಿ ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್ ಎಂದು ಹೊರಟ ಮೂಡುಬಿದಿರೆಯ ಗಂಡ ಹೆಂಡತಿಗೆ ಒಟ್ಟು ಮೊತ್ತವನ್ನು ದಿನಗಳಿಂದ ಭಾಗಿಸಿ ದಿನಕ್ಕೆ ಇಷ್ಟು ಎಂದು ಬರೆದುಕೊಟ್ಟೆ. ಅವರು ಅದನ್ನು ಅಕ್ಷರಶಃ ಪಾಲಿಸಿದರು. ಸಿಂಗಾಪುರದಲ್ಲಿ ಒಂದು ತಟ್ಟೆ ಅನ್ನವನ್ನು ಇಬ್ಬರು ಹಂಚಿಕೊಂಡು ತಿಂದರು. ಬ್ಯಾಂಕಾಕಿನಲ್ಲಿ ದುಡ್ಡು ಉಳಿದು ಏನು ಮಾಡುವುದೆಂದು ತಿಳಿಯದೆ ಬೇಡದ ಚೀಲಗಳನ್ನು ಕೊಂಡರು. ಊರು ಬದಲಾದರೆ ಹಸಿವು ಬದಲಾಗುವುದಿಲ್ಲ, ಬೆಲೆ ಬದಲಾಗುತ್ತದೆ ಎಂಬ ಸಣ್ಣ ಸಂಗತಿ ನನ್ನ ತಲೆಗೆ ಹೊಳೆದದ್ದು ಆಗ. ಇಳಿದ ದಿನ, ಊರಿನಿಂದ ಊರಿಗೆ ಹೋಗುವ ದಿನ, ಇವೆರಡೇ ಹೆಚ್ಚು ಖರ್ಚಿನ ದಿನಗಳು ಎಂಬುದನ್ನೂ ಹೀಗೆ ಇನ್ನೊಬ್ಬರ ಕಷ್ಟದಿಂದಲೇ ಕಲಿತೆ.

ಇನ್ನೊಂದು ಸಲ ಮೂಡುಬಿದಿರೆಯ ಜವಳಿ ವ್ಯಾಪಾರಿ ಕಾಮತರು ಯುರೋಪಿನಿಂದ ಬಂದವರೇ ನೇರ ಆಫೀಸಿಗೆ ಬಂದರು. ಅವರಿಗೆ ಸಕ್ಕರೆ ಕಾಯಿಲೆ. "ನಾನು ದಿನಕ್ಕೆ ಹತ್ತು ಸಲ ಹೋಗುವವ ಮಾರಾಯ. ಅಲ್ಲಿ ಸ್ಟೇಷನ್ನಿನಲ್ಲಿ ಒಂದೊಂದು ಸಲಕ್ಕೂ ಒಂದೊಂದು ಯುರೋ. ನಿನ್ನ ಪಟ್ಟಿಯಲ್ಲಿ ಅದು ಎಲ್ಲುಂಟು ತೋರಿಸು" ಎಂದರು. ಆಫೀಸಿನವರೆಲ್ಲ ನಕ್ಕರು, ಕೊನೆಗೆ ಅವರೂ ನಕ್ಕರು. ಮರುದಿನದಿಂದ ಪಟ್ಟಿಯಲ್ಲಿ ‘ಶೌಚಾಲಯ’ ಎಂದು ಒಂದು ಸಾಲು ಸೇರಿಸಿದೆ. ಕೆಲವು ದೇಶಗಳಲ್ಲಿ ಹೋಟೆಲಿನವರು ರಾತ್ರಿಗೆ ಇಷ್ಟೆಂದು ಊರಿನ ತೆರಿಗೆಯನ್ನು ಕೈಯಲ್ಲೇ ಕೇಳುತ್ತಾರೆ. ಅದಕ್ಕೊಂದು ಸಾಲು. ಎಲ್ಲದರ ಕೆಳಗೆ ‘ಆಕಸ್ಮಿಕ’ ಎಂದು ಬರೆದು ಒಟ್ಟು ಮೊತ್ತದ ಐದರಲ್ಲಿ ಒಂದು ಪಾಲು ಇಡುತ್ತಿದ್ದೆ. ಏನೂ ಆಗದೆ ಬಂದವರು, ಹಮೀದ್ ಸುಮ್ಮನೆ ಹೆದರಿಸಿದ, ಆ ದುಡ್ಡಿಗೆ ಚಾಕಲೇಟು ತಂದೆವು ಎಂದು ಬೈಯುತ್ತಿದ್ದರು. ಆ ಬೈಗಳು ಕೇಳಲು ನನಗೆ ಇಷ್ಟ.

ಈಗ ಧಣಿಯ ವಿಷಯ ಹೇಳಬೇಕು. ಆಫೀಸಿನ ಯಜಮಾನರು ಸದಾನಂದಣ್ಣ, ನನ್ನದೇ ಪ್ರಾಯ. ನಾನು ಧಣಿ ಎಂದೇ ಕರೆಯುತ್ತಿದ್ದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಅವರು ಕೆಟ್ಟವರು ಎಂದು ಬರೆದರೆ ನನಗೆ ಸುಲಭವಾಗುತ್ತದೆ, ಆದರೆ ಅದು ಸರಿಯಲ್ಲ. ಶುಕ್ರವಾರ ನಮಾಜಿಗೆ ಹೋದವನನ್ನು ಒಂದು ದಿನವೂ ಯಾಕೆ ತಡ ಎಂದು ಕೇಳಿದವರಲ್ಲ. ನನ್ನ ಅಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ನಾನು ಕೇಳುವ ಮೊದಲೇ ದುಡ್ಡು ಕಳಿಸಿದವರು. ಅವರ ಕಷ್ಟ ಬೇರೆಯಿತ್ತು. ಪುತ್ತೂರು, ಮಂಗಳೂರು ಎಂದು ಎಲ್ಲ ಕಡೆ ಟ್ರಾವೆಲ್ಸ್‌ಗಳು ಹುಟ್ಟಿಕೊಂಡಿದ್ದವು. ಜನ ನಾಲ್ಕು ಆಫೀಸಿನ ಪಟ್ಟಿಗಳನ್ನು ವಾಟ್ಸಾಪಿನಲ್ಲಿ ತರಿಸಿಕೊಂಡು ಪಕ್ಕಪಕ್ಕ ಇಟ್ಟು ನೋಡತೊಡಗಿದ್ದರು. ನಮ್ಮ ಪಟ್ಟಿ ಯಾವಾಗಲೂ ಉದ್ದ, ಮೊತ್ತ ಯಾವಾಗಲೂ ಹೆಚ್ಚು.

ಅದೇ ಹೊತ್ತಿಗೆ ಅವರ ಮಗ ಕಂಪ್ಯೂಟರಿಗೆ ಒಂದು ವ್ಯವಸ್ಥೆ ತಂದ. ಊರಿನ ಹೆಸರು, ದಿನ, ತಲೆ ಎಷ್ಟು ಎಂದು ಹಾಕಿದರೆ ಒಂದು ನಿಮಿಷದಲ್ಲಿ ಹಾಳೆ ಬರುತ್ತದೆ. ಯಾವನೋ ಇಪ್ಪತ್ತೈದರ ತರುಣ ಬೆನ್ನಿಗೆ ಚೀಲ ಹಾಕಿಕೊಂಡು ತಿರುಗಿದರೆ ಆಗುವ ಖರ್ಚು ಅದು. ಅರುವತ್ತು ದಾಟಿದವರಿಗೆ ಆಗುವ ಖರ್ಚಲ್ಲ. ನಾನು ಹಾಗೆಂದಾಗ ಅವನು, ಹಮೀದಾಕ, ಇದು ಲಕ್ಷಾಂತರ ಜನರ ಸರಾಸರಿ, ನಿಮ್ಮದು ಹತ್ತು ಜನರ ಕಿಸೆಯ ಬಿಲ್ಲು ಎಂದ.

ಒಂದು ದಿನ ಧಣಿ ನನ್ನ ಪಟ್ಟಿಯೊಂದನ್ನು ಎದುರಿಗೆ ಇಟ್ಟುಕೊಂಡು ಕೆಂಪು ಪೆನ್ನು ತೆಗೆದರು. ಶೌಚಾಲಯದ ಸಾಲಿಗೆ ಗೆರೆ. ಮರ್ಯಾದಸ್ಥರ ಕೈಗೆ ಕೊಡುವ ಹಾಳೆಯಲ್ಲಿ ಇದೆಲ್ಲ ಯಾಕೆ ಎಂದರು. ಊರಿನ ತೆರಿಗೆಯ ಸಾಲಿಗೆ ಗೆರೆ. ಊಟದ ಮೊತ್ತ ಅರ್ಧಕ್ಕೆ ಇಳಿಯಿತು. ಕೊನೆಗೆ ಆಕಸ್ಮಿಕಕ್ಕೂ ಗೆರೆ ಬಿತ್ತು.

"ಜನ ಪಟ್ಟಿಯನ್ನು ಮೇಲಿನಿಂದ ಓದುವುದಿಲ್ಲ ಹಮೀದ್, ಕೆಳಗಿನಿಂದ ಓದ್ತಾರೆ" ಎಂದರು.

ಅಲ್ಲಿ ಹೋದ ಮೇಲೆ ಅವರಿಗೆ ಕಷ್ಟವಾಗುತ್ತದೆ ಎಂದೆ. ಅಲ್ಲಿ ಹೋದ ಮೇಲೆ ಯಾರೂ ಅರ್ಧದಲ್ಲಿ ಹಿಂದೆ ಬರುವುದಿಲ್ಲ, ಎಲ್ಲರ ಹತ್ತಿರ ಕಾರ್ಡ್ ಇರುತ್ತದೆ, ಹೇಗಾದರೂ ಮಾಡಿಕೊಳ್ಳುತ್ತಾರೆ ಎಂದರು. ಹಾಳೆಯ ಅಡಿಯಲ್ಲಿ ‘ಇದು ಅಂದಾಜು ಮಾತ್ರ’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಲು ಹೇಳಿದರು. ನಾನು ಸೇರಿಸಿದೆ. ಕೆಂಪು ಗೆರೆಯ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿ ಹೊಸದನ್ನು ಟೈಪು ಮಾಡಿದೆ. ಧಣಿ ಹೇಳಿದ್ದು ಎಷ್ಟೋ ಜನರ ವಿಷಯದಲ್ಲಿ ನಿಜವೂ ಆಯಿತು. ಬಂದವರು ಗೊಣಗಿದರು, ಕಾರ್ಡಿನಲ್ಲಿ ಖರ್ಚಾದದ್ದನ್ನು ಮರೆತರು, ಮುಂದಿನ ವರ್ಷ ಮತ್ತೆ ನಮ್ಮಲ್ಲಿಗೇ ಬಂದರು. ನನಗೂ ಅಭ್ಯಾಸವಾಯಿತು. ಮನೆಗೆ ಹೋಗಿ ಊಟ ಮಾಡಿ ಮಲಗಿದರೆ ನಿದ್ದೆ ಬರುತ್ತಿತ್ತು.

ಹೀಗಿರುವಾಗ ಸುಮತಿ ಟೀಚರ್ ಬಂದರು.

ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆಯ ಹತ್ತಿರ ಅವರ ಮನೆ. ಸರಕಾರಿ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ತಮ್ಮನ ಸಂಸಾರದ ಜೊತೆ ಇದ್ದರು. ರೋಮ್, ಫ್ಲಾರೆನ್ಸ್, ವೆನಿಸ್, ವಿಯೆನ್ನಾ, ಪ್ರಾಗ್ ಎಂದು ನಾವು ಹನ್ನೊಂದು ದಿನಗಳ ಒಂದು ಪ್ರವಾಸ ಹೊರಡಿಸಿದ್ದೆವು. ಹದಿನಾಲ್ಕು ಜನ. ಬೆಳಗಿನ ತಿಂಡಿ, ಬಸ್ಸು, ಹೋಟೆಲು ನಮ್ಮದು. ಉಳಿದದ್ದು ಅವರವರ ಕಿಸೆಯಿಂದ. ಬೇರೆ ಊರುಗಳ ಮೇಲೆ ಟೀಚರಿಗೆ ಅಂಥ ಆಸೆಯೇನೂ ಇರಲಿಲ್ಲ. ಪ್ರಾಗ್ ಪಟ್ಟಣದ ಚೌಕದಲ್ಲಿ ಒಂದು ಹಳೆಯ ಗಡಿಯಾರ ಇದೆ. ಗಂಟೆಯ ಜೊತೆಗೆ ಸೂರ್ಯ, ಚಂದ್ರ, ರಾಶಿಗಳು ಎಲ್ಲಿವೆ ಎಂದೂ ತೋರಿಸುತ್ತದೆ. ಅದರ ಚಿತ್ರವಿದ್ದ ಕ್ಯಾಲೆಂಡರೊಂದು ಅವರ ಶಾಲೆಯ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ತೂಗುತ್ತಿತ್ತಂತೆ. ಆರು ನೂರು ವರ್ಷದ ಹಿಂದೆ ಹಲ್ಲಿನ ಚಕ್ರಗಳನ್ನು ಲೆಕ್ಕ ಹಾಕಿ ಕೂರಿಸಿದವರು ಯಾರೋ, ಆ ಲೆಕ್ಕ ಓಡುವುದನ್ನು ಒಮ್ಮೆ ಎದುರಿಗೆ ನಿಂತು ನೋಡಬೇಕು ಎಂದರು. ಹಾಗೆ ಹೇಳುವಾಗ ಅವರ ಮುಖ ಕ್ಲಾಸಿನ ಮುಂದಿನ ಬೆಂಚಿನಲ್ಲಿ ಕೂತ ಮಕ್ಕಳ ಮುಖದ ಹಾಗಿತ್ತು.

ಅವರು ಮೂರು ಸಲ ಆಫೀಸಿಗೆ ಬಂದರು. ಪಟ್ಟಿಯ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೇಳಿದರು. ಅವರಲ್ಲಿ ಹೊರದೇಶದಲ್ಲಿ ನಡೆಯುವ ಕಾರ್ಡ್ ಇರಲಿಲ್ಲ. ಮಾಡಿಸಿಕೊಳ್ಳಿ ಎಂದೆ. ಅದೆಲ್ಲ ಕಲಿಯಲು ಈಗ ಸಮಯವಿಲ್ಲ, ನೀವು ಬರೆದಷ್ಟು ಯುರೋ ಕೈಯಲ್ಲಿ ಒಯ್ಯುತ್ತೇನೆ ಎಂದರು. ಮೂರನೆಯ ಸಲ ಬಂದಾಗ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕುತ್ತ ಕೇಳಿದರು.

"ಹಮೀದರೇ, ಇಷ್ಟು ಸಾಕಾಗ್ತದಾ? ಹೆಚ್ಚು ಬೇಕಾದರೆ ಈಗಲೇ ಹೇಳಿ. ಬ್ಯಾಂಕಿನಲ್ಲಿ ಉಂಟು, ತೆಗೆದುಕೊಂಡು ಹೋಗ್ತೇನೆ. ಅಲ್ಲಿ ಹೋಗಿ ಇನ್ನೊಬ್ಬರ ಹತ್ತಿರ ಕೇಳುವುದು ಮಾತ್ರ ನನ್ನಿಂದ ಆಗುವುದಿಲ್ಲ."

ಗಾಜಿನ ಆಚೆ ಧಣಿ ಕೂತಿದ್ದರು. ಫೋನಿನಲ್ಲಿ ಮಾತನಾಡುತ್ತಿದ್ದವರು ನಿಲ್ಲಿಸಿ ನನ್ನ ಕಡೆ ನೋಡಿದರು. ಈಗ ಹೆಚ್ಚು ಬೇಕು ಎಂದರೆ ಮೊದಲು ಕೊಟ್ಟ ಪಟ್ಟಿ ಸುಳ್ಳೆಂದಾಗುತ್ತದೆ. ಉಳಿದ ಹದಿಮೂರು ಜನರಿಗೂ ಅದು ಗೊತ್ತಾಗುತ್ತದೆ. ಇಷ್ಟೆಲ್ಲ ಯೋಚನೆ ಕಣ್ಣು ಮಿಟುಕಿಸುವಷ್ಟರಲ್ಲಿ ಹಾದುಹೋಯಿತು.

"ಸಾಕು ಟೀಚರ್" ಎಂದೆ.

ಈ ಕೆಲಸದಲ್ಲಿ ನಾನು ಬರೆದ ಸಾವಿರಾರು ಪಟ್ಟಿಗಳನ್ನು ಒಂದು ಕಡೆ, ಈ ಎರಡು ಪದಗಳನ್ನು ಇನ್ನೊಂದು ಕಡೆ ಇಟ್ಟರೆ ಯಾವುದು ಭಾರ ಎಂದು ನನಗೆ ಗೊತ್ತು. ಅವರಲ್ಲಿ ದುಡ್ಡಿತ್ತು. ಒಯ್ಯಲು ತಯಾರಿದ್ದರು. ಒಯ್ಯಬೇಕಾ ಎಂದು ಬಾಯಿಬಿಟ್ಟು ಕೇಳಿದ್ದರು.

ಗುಂಪಿನ ಜೊತೆ ನಮ್ಮ ಆಫೀಸಿನ ದಿನೇಶ ಹೋಗಿದ್ದ. ನನ್ನ ಹಾಗೆಯೇ ಹಳಬ, ಐದಾರು ಸಲ ಯುರೋಪು ಕಂಡವನು. ಮೊದಲ ದಿನಗಳಲ್ಲಿ ಎಲ್ಲ ಕ್ಷೇಮ ಎಂದು ಸಂದೇಶ ಬರುತ್ತಿತ್ತು. ಟೀಚರ್ ಮಧ್ಯಾಹ್ನ ಊಟಕ್ಕೆ ಬರುವುದಿಲ್ಲ, ಊರಿನಿಂದ ತಂದ ಅವಲಕ್ಕಿ ಇದೆ ಅಂತ ಹೇಳುತ್ತಾರೆ ಎಂದು ಒಮ್ಮೆ ಹೇಳಿದ್ದ. ಅದನ್ನು ಕೇಳಿದಾಗಲಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ವಯಸ್ಸಾದವರಿಗೆ ಅಲ್ಲಿಯ ಊಟ ಹಿಡಿಸಿರಲಿಕ್ಕಿಲ್ಲ ಎಂದುಕೊಂಡೆ.

ಒಂಬತ್ತನೆಯ ದಿನ, ನಮ್ಮಲ್ಲಿ ಮಧ್ಯಾಹ್ನದ ಊಟದ ಹೊತ್ತು, ವಿಯೆನ್ನಾದಿಂದ ದಿನೇಶ ಫೋನ್ ಮಾಡಿದ. ಟೀಚರ್ ಬೆಳಿಗ್ಗೆ ತಿಂಡಿಗೆ ಬರಲಿಲ್ಲ, ಬಾಗಿಲು ತೆಗೆಸಿ ನೋಡಿದರೆ ಮೈ ಕೆಂಡದ ಹಾಗಿದೆ, ನಡುಗುತ್ತಿದ್ದಾರೆ, ಮಾತು ತೊದಲುತ್ತಿದೆ, ಆಂಬುಲೆನ್ಸ್ ಬಂದಿದೆ ಎಂದ. ಒಂದು ಗಂಟೆಯ ಮೇಲೆ ಮತ್ತೆ ಫೋನು. ಮೂತ್ರದ ಸೋಂಕು ಕಿಡ್ನಿಗೆ ಏರಿದೆಯಂತೆ. ದೇಹದಲ್ಲಿ ನೀರೇ ಇಲ್ಲ, ಎಷ್ಟು ದಿನದಿಂದ ನೀರು ಕುಡಿದಿಲ್ಲ ಎಂದು ಡಾಕ್ಟರು ಕೇಳುತ್ತಿದ್ದಾರೆ ಎಂದ.

ಮರುದಿನ ಗುಂಪು ಪ್ರಾಗಿಗೆ ಹೊರಡಬೇಕು. ಉಳಿದವರನ್ನು ಬಿಟ್ಟು ದಿನೇಶ ನಿಲ್ಲುವಂತಿಲ್ಲ. ಟೀಚರ್ ಆ ಊರಿನ ಆಸ್ಪತ್ರೆಯಲ್ಲಿ ಒಬ್ಬರೇ ಉಳಿದರು. ಆಗ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಹಳೆಯ ಡೈರಿ ತೆಗೆದದ್ದು. ವಿಯೆನ್ನಾದ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಉಜಿರೆಯವರೊಬ್ಬರು ಇದ್ದರು. ಎಷ್ಟೋ ವರ್ಷದ ಹಿಂದೆ ಬ್ರೆಡ್ಡಿನ ಬೆಲೆ ಕೇಳಲು ಫೋನ್ ಮಾಡಿದ್ದ ನಂಬರು, ಪುಣ್ಯಕ್ಕೆ ನಡೆಯುತ್ತಿತ್ತು. ಅವರು ಕೆಲಸ ಮುಗಿಸಿ ದಿನವೂ ಗಂಜಿ ಮಾಡಿಕೊಂಡು ಆಸ್ಪತ್ರೆಗೆ ಹೋದರು. ಆರು ದಿನ. ಏಳನೆಯ ದಿನ ಹೊಸ ಟಿಕೆಟಿನಲ್ಲಿ ಟೀಚರನ್ನು ವಿಮಾನ ಹತ್ತಿಸಿದವರೂ ಅವರೇ. ಪ್ರಾಗ್ ಅಲ್ಲಿಂದ ರೈಲಿನಲ್ಲಿ ನಾಲ್ಕು ಗಂಟೆಯ ದಾರಿ. ಗುಂಪಿನವರು ಗಡಿಯಾರದ ಮುಂದೆ ನಿಂತು ತೆಗೆದ ಫೋಟೋ ಟೀಚರ್ ಮಲಗಿದ್ದಾಗಲೇ ವಾಟ್ಸಾಪಿನಲ್ಲಿ ಬಂದಿತ್ತಂತೆ.

ಅವರು ಊರಿಗೆ ಬಂದ ಮೇಲೆ ಇನ್ಶೂರೆನ್ಸಿನವರಿಂದ ಆಫೀಸಿಗೆ ಕಾಗದ ಬಂತು. ಆಸ್ಪತ್ರೆಯ ಬಿಲ್ಲಿನ ದೊಡ್ಡ ಪಾಲು ಅವರು ಕೊಟ್ಟಿದ್ದರು. ಹೊಸ ಟಿಕೆಟು ಮತ್ತು ತಪ್ಪಿಹೋದ ದಿನಗಳ ಹಣ ಕೊಡುವ ಮೊದಲು ಅನಾರೋಗ್ಯ ಹೇಗೆ ಬಂತು, ಪ್ರಯಾಣಿಕರಿಗೆ ಬೇಕಾದ ತಿಳಿವಳಿಕೆ ಕೊಟ್ಟಿದ್ದಿರಾ ಎಂದು ಕೇಳಿದ್ದರು. ಧಣಿ ಉತ್ತರ ಹೇಳಿ ಬರೆಸಿದರು. ಸಾಕಷ್ಟು ದೈನಂದಿನ ಖರ್ಚಿನ ವಿವರವನ್ನು ಮುಂಚಿತವಾಗಿ ನೀಡಲಾಗಿತ್ತು, ಅನಾರೋಗ್ಯಕ್ಕೆ ಪ್ರಯಾಣಿಕರ ಸ್ವಂತ ನಿರ್ಲಕ್ಷ್ಯವೇ ಕಾರಣ ಎಂದು ಅದರ ಸಾರ. ಟೈಪು ಮಾಡಿದವನು ನಾನು. ರುಜು ಯಾರದ್ದು ಎಂದು ಕೇಳಿದೆ.

"ಪಟ್ಟಿ ಮಾಡಿದವ ನೀನಲ್ವಾ, ನೀನೇ ಹಾಕು" ಎಂದರು.

ಪಟ್ಟಿಯನ್ನು ಕಡಿದದ್ದು ನಾನಲ್ಲ ಧಣಿ ಎಂದೆ. ಮೂವತ್ತು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅಷ್ಟೇ. ಅವರು ಸಿಟ್ಟಾಗಲಿಲ್ಲ. ಕಡಿದದ್ದಕ್ಕೆ ಕಾಗದ ಉಂಟಾ ಎಂದು ಮೆಲ್ಲಗೆ ಕೇಳಿದರು. ಕೆಂಪು ಗೆರೆಯ ಹಾಳೆಯನ್ನು ನನ್ನ ಕೈಯಿಂದಲೇ ಹರಿದು ಹಾಕಿದ್ದೆನಲ್ಲ. ಆಮೇಲೆ ಅವರು ಕುರ್ಚಿ ಹತ್ತಿರ ಎಳೆದುಕೊಂಡು, "ನಿನಗೆ ಇನ್ನು ಎರಡು ವರ್ಷ. ಮಗಳ ಮದುವೆ ಗೊತ್ತಾಗಿ ಉಂಟು. ಗ್ರಾಚುಯಿಟಿ ಎಲ್ಲ ಸರಿಯಾಗಿ ಸಿಗಬೇಕಲ್ವಾ. ರುಜು ಹಾಕಿ ಬಿಡು ಮಾರಾಯ" ಎಂದರು.

ಹಾಕಿದೆ. ಹೆದರಿಕೆಯಿತ್ತು, ಮದುವೆಯ ಖರ್ಚಿತ್ತು, ಆ ವಯಸ್ಸಿನಲ್ಲಿ ಬೇರೆ ಕೆಲಸ ಯಾರೂ ಕೊಡುತ್ತಿರಲಿಲ್ಲ. ಇವೆಲ್ಲ ನಿಜ. ಆದರೂ ರುಜು ಹಾಕುವಾಗ ಕೈ ನಡುಗಲಿಲ್ಲ ಎಂಬುದೂ ನಿಜ. ಅದನ್ನು ಬರೆಯದೆ ಬಿಟ್ಟರೆ ಇದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ಎರಡು ತಿಂಗಳ ಮೇಲೆ ಟೀಚರ್ ಆಫೀಸಿಗೆ ಬಂದರು. ಅರ್ಧ ಆಳಾಗಿದ್ದರು. ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕೂತರು. ಆಮೇಲೆ ಚೀಲದಿಂದ ನನ್ನ ಪಟ್ಟಿಯನ್ನು ತೆಗೆದು ಮೇಜಿನ ಮೇಲೆ ಹರಡಿದರು. ಪ್ರತಿ ಹಾಳೆಯಲ್ಲೂ ನನ್ನ ಅಂಕಿಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಅಂಕಿ ಇತ್ತು. ನಿಜವಾಗಿ ಆದ ಖರ್ಚು. ಕಪ್ಪು ಹಲಗೆಯ ಮೇಲೆ ಬರೆಯುವ ದುಂಡನೆಯ ಅಕ್ಷರ. ರೋಮಿನಲ್ಲಿ ಮೂರು ರಾತ್ರಿಯ ಊರಿನ ತೆರಿಗೆ, ಪಟ್ಟಿಯಲ್ಲಿ ಇಲ್ಲದ್ದು. ಅದನ್ನು ತುಂಬಿಸಲು ಮೂರು ಮಧ್ಯಾಹ್ನದ ಊಟ ಹೊಡೆದು ಹಾಕಿದ್ದರು. ಕೆಳಗೆ ಶೌಚಾಲಯ ಎಂದು ತಾವೇ ಒಂದು ಸಾಲು ಬರೆದುಕೊಂಡಿದ್ದರು. ಎರಡನೆಯ ದಿನ ನಾಲ್ಕು ಸಲ. ನಾಲ್ಕನೆಯ ದಿನ ಎರಡು ಸಲ. ಆರನೆಯ ದಿನ ಒಂದು. ವೆನಿಸಿನಿಂದ ವಿಯೆನ್ನಾಕ್ಕೆ ದಿನವಿಡೀ ಬಸ್ಸಿನಲ್ಲಿ ಹೋದ ಎಂಟನೆಯ ದಿನ, ಸೊನ್ನೆ. ಅದರ ಪಕ್ಕ ಸಣ್ಣದಾಗಿ, ‘ನೀರು ಕುಡಿಯಲಿಲ್ಲ’.

ಅಲ್ಲಿಯ ನಲ್ಲಿಯ ನೀರು ಬಿಟ್ಟಿ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ಕುಡಿದರೆ ಮತ್ತೆ ಹೋಗಬೇಕು, ಹೋಗಲು ಒಂದು ಯುರೋ ಬೇಕು. ಅದಕ್ಕಾಗಿ ಕುಡಿಯುವುದನ್ನೇ ನಿಲ್ಲಿಸಿದ್ದರು. ಜೊತೆಯವರ ಹತ್ತಿರ ಹತ್ತು ಯುರೋ ಕೇಳಿದ್ದರೆ ಯಾರಾದರೂ ಕೊಡುತ್ತಿದ್ದರು. ಅದು ತನ್ನಿಂದ ಆಗುವುದಿಲ್ಲ ಎಂದು ಅವರು ಮೊದಲೇ ನನಗೆ ಹೇಳಿದ್ದರು.

ಆಮೇಲೆ ಇನ್ನೊಂದು ಕಾಗದ ತೆಗೆದರು. ನನ್ನ ರುಜು ಇದ್ದ ಪತ್ರದ ಪ್ರತಿ. ಉಳಿದ ಹಣ ಕೊಡುವುದಿಲ್ಲ ಎಂದು ತಿಳಿಸುವಾಗ ಇನ್ಶೂರೆನ್ಸಿನವರು ಅದನ್ನೂ ಲಗತ್ತಿಸಿದ್ದರು.

"ಈ ರುಜು ನಿಮ್ಮದಾ?"

"ಹೌದು ಟೀಚರ್."

"ಹಣ ಹೋದದ್ದು ಹೋಗಲಿ. ಈ ನಿರ್ಲಕ್ಷ್ಯ ಅಂತ ಬರೆದದ್ದು ನಿಮಗೆ ಸರಿ ಕಾಣ್ತದಾ?"

ಅವರೇ ಮುಂದುವರಿಸಿದರು. ಆ ವಯಸ್ಸಿನಲ್ಲಿ ಒಬ್ಬಳೇ ಹೋಗುವುದು ಬೇಡವೆಂದು ತಮ್ಮ ಮೊದಲೇ ಹೇಳಿದ್ದನಂತೆ. ಈಗ ಮನೆಯಲ್ಲಿ ಆ ಕಾಗದವನ್ನು ಓದಿ, ನೋಡಿ, ಆಫೀಸಿನವರೇ ಬರೆದಿದ್ದಾರಲ್ಲ ಎನ್ನುತ್ತಾನಂತೆ. ಪ್ರತಿ ಪೈಸೆಯ ಲೆಕ್ಕ ಇಟ್ಟ ಹೆಂಗಸು ಅವರು. ಪಟ್ಟಿಯನ್ನು ಮೀರಬಾರದೆಂದು ತನ್ನ ಮೈಯನ್ನೇ ಒಣಗಿಸಿಕೊಂಡವರು. ನಿರ್ಲಕ್ಷ್ಯ ಎಂಬ ಪದವನ್ನು ಅವರ ಬಗ್ಗೆ ಅದಕ್ಕೆ ಮೊದಲು ಯಾರೂ ಬಳಸಿರಲಿಕ್ಕಿಲ್ಲ.

ಸರಿ ಮಾಡಿ ಇನ್ನೊಂದು ಪತ್ರ ಬರೆದು ಕೊಡಬಹುದಾ ಎಂದು ಕೇಳಿದರು. ಹಣಕ್ಕಾಗಿ ಅಲ್ಲ, ಮನೆಯಲ್ಲಿ ತೋರಿಸಲಿಕ್ಕೆ ಎಂದರು. ನೋಡುತ್ತೇನೆ ಟೀಚರ್ ಎಂದೆ. ಅವರು ಹಾಳೆಗಳನ್ನು ಜೋಡಿಸಿಕೊಂಡು ಇಳಿದುಹೋದರು. ಧಣಿ ಅಷ್ಟು ಹೊತ್ತೂ ಗಾಜಿನ ಆಚೆ ಫೋನಿನಲ್ಲಿದ್ದರು.

ನಾನು ನೋಡಲಿಲ್ಲ. ಎರಡು ವರ್ಷ ನೋಡಲಿಲ್ಲ. ಮಗಳ ಮದುವೆ ಆಯಿತು. ಟೀಚರ್ ಎರಡು ಸಲ ಫೋನ್ ಮಾಡಿದ್ದರು. ಒಮ್ಮೆ ಮೀಟಿಂಗಿನಲ್ಲಿದ್ದೇನೆ ಎಂದೆ, ಇನ್ನೊಮ್ಮೆ ಎತ್ತಲಿಲ್ಲ. ಮತ್ತೆ ಅವರು ಮಾಡಲಿಲ್ಲ. ಆ ಎರಡು ವರ್ಷ ಕಂಪ್ಯೂಟರಿನಿಂದ ಬಂದ ಪಟ್ಟಿಗಳಿಗೆ ನಾನು ಮೊಹರು ಒತ್ತುತ್ತಿದ್ದೆ, ಅಷ್ಟೇ. ಬೀಳ್ಕೊಡುಗೆಯ ದಿನ ಧಣಿ, ಇಂಥ ನಿಯತ್ತಿನ ಮನುಷ್ಯ ಮತ್ತೆ ಸಿಗುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ ನನ್ನ ಹೆಗಲ ಮೇಲೆ ಕೈ ಹಾಕಿದರು. ಅವರು ಮನಸ್ಸಿನಿಂದಲೇ ಹೇಳಿದ್ದು. ಅದಕ್ಕಿಂತ ದೊಡ್ಡ ಬೈಗಳನ್ನು ನಾನು ಕೇಳಿಲ್ಲ.

ಗ್ರಾಚುಯಿಟಿಯ ಹಣ ಬ್ಯಾಂಕಿಗೆ ಬಂದ ವಾರ ನಾನು ಪತ್ರ ಬರೆದೆ. ಕೈಯಿಂದಲೇ, ಕನ್ನಡದಲ್ಲಿ, ಎರಡು ಪುಟ. ಯಾವ ಯಾವ ಸಾಲುಗಳನ್ನು ಪಟ್ಟಿಯಿಂದ ತೆಗೆಯಲಾಗಿತ್ತು, ಸಾಕಾಗುತ್ತದಾ ಎಂದು ಕೇಳಿದಾಗ ನಾನು ಏನು ಹೇಳಿದೆ, ಮೊದಲಿನ ಪತ್ರ ಸುಳ್ಳು ಯಾಕೆ, ಎಲ್ಲ ಬರೆದು ರುಜು ಹಾಕಿದೆ. ಫರಂಗಿಪೇಟೆಯಿಂದ ಬಸ್ಸು ಹಿಡಿದು ಬಿ.ಸಿ. ರೋಡಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗುರುವಾಯನಕೆರೆಗೆ ಹೋದೆ.

ಟೀಚರ್ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಬನ್ನಿ ಹಮೀದರೇ ಎಂದು ಎದ್ದು ಕುರ್ಚಿ ತೋರಿಸಿದರು. ಒಳಗಿನಿಂದ ತಮ್ಮನ ಹೆಂಡತಿ ನೀರು ಬೆಲ್ಲ ತಂದಿಟ್ಟು ಹೋದರು. ಮಗಳು ಹೇಗಿದ್ದಾಳೆ ಎಂದು ಟೀಚರ್ ವಿಚಾರಿಸಿದರು. ನಾನು ಪತ್ರವನ್ನು ಅವರ ಕೈಗೆ ಕೊಟ್ಟೆ.

ಕನ್ನಡಕ ಹಾಕಿಕೊಂಡು ಓದಿದರು. ಎರಡನೆಯ ಪುಟದಲ್ಲಿ ಒಂದು ಕಡೆ ನಿಂತು, ಕಿಟಕಿಯ ದಂಡೆಯಲ್ಲಿದ್ದ ಪೆನ್ಸಿಲು ತೆಗೆದುಕೊಂಡು ನಾನು ತಪ್ಪಾಗಿ ಬರೆದಿದ್ದ ಒಂದು ಒತ್ತಕ್ಷರವನ್ನು ತಿದ್ದಿದರು. ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಬಂದರು.

ಇನ್ಶೂರೆನ್ಸಿನವರಿಗೆ ನಾನೇ ಕಳಿಸುತ್ತೇನೆ ಎಂದೆ. ಫೈಲು ಮುಚ್ಚಿದೆ ಎಂದು ಕಾಗದ ಬಂದು ವರ್ಷವಾಯಿತು ಎಂದರು. ಹಾಗಾದರೆ ನಿಮ್ಮ ತಮ್ಮನಿಗಾದರೂ ತೋರಿಸಿ ಎಂದೆ. ಅವನು ಕಳೆದ ಮಳೆಗಾಲದಲ್ಲಿ ಹೃದಯಾಘಾತವಾಗಿ ಹೋದನಲ್ಲ, ನಿಮಗೆ ಗೊತ್ತಾಗಿಲ್ಲವಾ ಎಂದರು. ನನಗೆ ಗೊತ್ತಾಗಿರಲಿಲ್ಲ. ಪ್ರಾಗಿಗೆ ಹೋಗುವುದಾದರೆ ನಾನು ಎಲ್ಲ ಏರ್ಪಾಡು ಮಾಡುತ್ತೇನೆ, ಬೇಕಾದರೆ ಜೊತೆಗೂ ಬರುತ್ತೇನೆ ಎಂದುಬಿಟ್ಟೆ. ಅಷ್ಟು ದೂರದ ಪ್ರಯಾಣ ಇನ್ನು ಬೇಡ ಅಂತ ಡಾಕ್ಟರು ಹೇಳಿದ್ದಾರೆ ಎಂದರು. ಆ ಮಾತಿನಲ್ಲಿ ಸಿಟ್ಟಾಗಲಿ ದುಃಖವಾಗಲಿ ಕೇಳಿಸಲಿಲ್ಲ. ಹೋಂವರ್ಕ್ ತಡವಾಗಿ ತಂದ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು.

ಆಮೇಲೆ ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿ ನನ್ನ ಕಡೆ ಚಾಚಿದರು.

"ಬರೆದದ್ದೆಲ್ಲ ಸರಿ ಉಂಟು. ತಾರೀಕು ಮಾತ್ರ ಎರಡು ವರ್ಷ ತಡ."

ನಾನು ಅದನ್ನು ತೆಗೆದುಕೊಂಡೆ. ಲೋಟದಲ್ಲಿ ಉಳಿದಿದ್ದ ನೀರು ಕುಡಿದೆ. ಟೀಚರ್ ಗೋಡೆಯ ಗಡಿಯಾರ ನೋಡಿ, ಐದೂ ಕಾಲಿಗೆ ಬಿ.ಸಿ. ರೋಡಿಗೆ ಒಂದು ಬಸ್ಸು ಉಂಟು, ಈಗ ಹೊರಟರೆ ಸಿಗ್ತದೆ ಎಂದರು.

ನಾನು ಹೊರಟೆ.